ಅಂಗನವಾಡಿಗೂ ಶಾಲೆಯ ಪಾಲು ಕೊಡಿ

ಫ್ರಾನ್ಸಿನಲ್ಲಿ ಮೂರು ವರ್ಷದ ಮಗುವಿಗೆ ಕಲಿಸುವವರಿಗೂ ಹತ್ತು ವರ್ಷದ ಮಗುವಿಗೆ ಕಲಿಸುವವರಿಗೂ ವಿದ್ಯಾರ್ಹತೆ ಒಂದೇ, ನೇಮಕಾತಿ ಪರೀಕ್ಷೆ ಒಂದೇ, ಸಂಬಳದ ಶ್ರೇಣಿಯೂ ಒಂದೇ. ಪುಟಾಣಿಗಳನ್ನು ನೋಡಿಕೊಳ್ಳಲು ಜೊತೆಗೊಬ್ಬ ಸಹಾಯಕಿ. ಆಕೆಯ ಸಂಬಳ ಸ್ಥಳೀಯ ಪುರಸಭೆಯದು. ‘ಎಕೋಲ್ ಮಾತೆರ್ನೆಲ್’ ಎಂಬ ಈ ಸರ್ಕಾರಿ ಶಿಶುಶಾಲೆಯಲ್ಲಿ ಶುಲ್ಕವಿಲ್ಲ. 2019ರ ಸೆಪ್ಟೆಂಬರಿನಿಂದ ಅಲ್ಲಿ ಶಿಕ್ಷಣ ಮೂರನೇ ವರ್ಷಕ್ಕೇ ಕಡ್ಡಾಯ. ಒಂದು ಮಗುವಿಗೆ ವರ್ಷಕ್ಕೆ ಏಳು ಸಾವಿರ ಯೂರೋಗೂ ಮಿಕ್ಕಿ ಖರ್ಚಾಗುತ್ತದೆ, ಬಹುಪಾಲು ಸಾರ್ವಜನಿಕ ಹಣವೇ.

ಅವರು ಶ್ರೀಮಂತರು, ನಾವು ಬಡವರು ಎಂದು ಮಾತು ಮುಗಿಸಬೇಡಿ. ಯೂರೋ ಎದುರು ರೂಪಾಯಿ ಇಟ್ಟು ತೂಗುವುದು ನ್ಯಾಯವಲ್ಲ, ಒಪ್ಪುತ್ತೇನೆ. ನಮ್ಮದೇ ಬೊಕ್ಕಸ ನೋಡೋಣ. 2024-25ರ ಕೇಂದ್ರ ಬಜೆಟ್ ಸುಮಾರು 48 ಲಕ್ಷ ಕೋಟಿ ರೂಪಾಯಿ; ಸಕ್ಷಮ್ ಅಂಗನವಾಡಿ ಮತ್ತು ಪೋಷಣ್ 2.0ಕ್ಕೆ ಇಟ್ಟದ್ದು 21,200 ಕೋಟಿ. ನೂರು ರೂಪಾಯಿಯಲ್ಲಿ ಐವತ್ತು ಪೈಸೆಯೂ ಇಲ್ಲ. ಗರ್ಭಿಣಿ, ಬಾಣಂತಿಯರ ಆಹಾರ, ಕೂಸುಗಳ ಪೌಷ್ಟಿಕತೆ, ಕಾರ್ಯಕರ್ತೆಯರ ಗೌರವಧನ ಎಲ್ಲಕ್ಕೂ ಅದೇ ಗಂಟು. ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ, ನಿಜ. ಸೇರಿಸಿದ ಮೇಲೂ ಮಗುವಿನ ದಿನದ ಆಹಾರಕ್ಕೆ 2017ರಲ್ಲಿ ಗೊತ್ತುಮಾಡಿದ ದರ ಎಂಟು ರೂಪಾಯಿ. ಆ ದುಡ್ಡಿಗೆ ಇವತ್ತು ಒಂದು ಲೋಟ ಚಹಾ ಸಿಗುವುದೂ ಕಷ್ಟ.

ಫ್ರೆಂಚರು ಹುಟ್ಟುತ್ತಲೇ ಹೀಗಿರಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿದ್ದದ್ದು ಕೂಲಿಕಾರರ ಮಕ್ಕಳನ್ನು ಹಗಲಿಡೀ ಕೂರಿಸಿಕೊಳ್ಳುವ ಆಶ್ರಯ ಕೊಠಡಿಗಳು. 1881ರಲ್ಲಿ ಸರ್ಕಾರ ಅವನ್ನು ಶಾಲೆಗಳೆಂದು ಘೋಷಿಸಿತು. ಇನ್‌ಸ್ಪೆಕ್ಟರ್ ಆಗಿದ್ದ ಪೋಲೀನ್ ಕೆರ್ಗೋಮಾರ್ ದಶಕಗಳ ಕಾಲ ಪಟ್ಟುಹಿಡಿದು ಅಲ್ಲಿ ಮಕ್ಕಳ ಆಟಕ್ಕೆ ಜಾಗ ಮಾಡಿಕೊಟ್ಟರು. ಕ್ರಮೇಣ ವೈದ್ಯರ ಮಗುವೂ ಗಾರೆಯವನ ಮಗುವೂ ಒಂದೇ ಬಾಗಿಲಿನಿಂದ ಒಳಗೆ ಹೋಗತೊಡಗಿದವು. ದೊಡ್ಡವರ ಮಕ್ಕಳೂ ಕೂರುವ ಶಾಲೆಯ ದುಡ್ಡಿಗೆ ಕತ್ತರಿ ಹಾಕುವುದು ಯಾವ ಸರ್ಕಾರಕ್ಕೂ ಸುಲಭವಲ್ಲ.

ನಾವು ಮಾಡಿದ್ದು ಇದರ ತದ್ವಿರುದ್ಧ. 1975ರ ಗಾಂಧಿ ಜಯಂತಿಯಂದು ದೇಶದ 33 ಕಡೆ ಅಂಗನವಾಡಿಗಳ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಶುರುವಾದಾಗ ಅದರಲ್ಲಿ ನಮ್ಮ ಟಿ. ನರಸೀಪುರವೂ ಇತ್ತು. ಆಮೇಲೆ ಅಂಗನವಾಡಿ ಊರೂರಿಗೆ ಬಂತು, ಅನುಕೂಲಸ್ಥರು ಅದರಿಂದ ದೂರ ಸರಿದರು. ಎಲ್‌ಕೆಜಿಗೆ ಸಾಲ ಮಾಡಿ ಡೊನೇಷನ್ ಕಟ್ಟುತ್ತೇವೆ, ಪಕ್ಕದ ಬೀದಿಯ ಅಂಗನವಾಡಿಯ ಸೂರು ಸೋರಿದರೆ ತಲೆ ಎತ್ತಿಯೂ ನೋಡುವುದಿಲ್ಲ. ಅಲ್ಲಿ ತೂಕ, ಸಮೀಕ್ಷೆ, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಎಲ್ಲ ಮುಗಿಸಿ ಹಾಡು ಕಲಿಸುವ ಟೀಚರಿಗೆ 2018ರಲ್ಲಿ ಕೇಂದ್ರ ನಿಗದಿ ಮಾಡಿದ ಗೌರವಧನ ತಿಂಗಳಿಗೆ 4,500 ರೂಪಾಯಿ. ಗ್ರಾಚ್ಯುಟಿ ಪಡೆಯಲು ಆಕೆ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು, 2022ರಲ್ಲಿ ಗೆದ್ದಳು. 2023ರ ಜನವರಿಯಲ್ಲಿ ನಮ್ಮ ರಾಜ್ಯದ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತು ಚಳಿಗೆ ಮಲಗಿದರು. ನಾವು ಟ್ರಾಫಿಕ್ ಜಾಮ್ ಬಗ್ಗೆ ಗೊಣಗಿದೆವು.

ಮಿದುಳಿನ ಬೆಳವಣಿಗೆಯ ಶೇ 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೇ ಆಗುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಬರೆದುಕೊಂಡಿದೆ. ಶಿಕ್ಷಣದ ಮೂಲಭೂತ ಹಕ್ಕು ಮಾತ್ರ ಶುರುವಾಗುವುದು ಆರಕ್ಕೆ. ಅದಕ್ಕೂ ಮುಂಚಿನ ಮಕ್ಕಳ ವಿಷಯದಲ್ಲಿ ಸರ್ಕಾರ ‘ಪ್ರಯತ್ನಿಸಿದರೆ’ ಸಾಕು. ಹಕ್ಕಿಲ್ಲದ ಕಡೆ ದುಡ್ಡು ಯಾಕೆ ಹರಿದೀತು? ಮೂರು ವರ್ಷದಿಂದಲೇ ಮಕ್ಕಳ ಶಿಕ್ಷಣವನ್ನು ಸರ್ಕಾರದ ಕಡ್ಡಾಯ ಹೊಣೆ ಮಾಡಿ ಎಂದು ಕಾನೂನು ಆಯೋಗ 2015ರಲ್ಲೇ ತನ್ನ 259ನೇ ವರದಿಯಲ್ಲಿ ಹೇಳಿತ್ತು.

ಆ ವರದಿಯನ್ನು ಕಪಾಟಿನಿಂದ ಹೊರಗೆ ತರಿಸೋಣ. ಮುಂದಿನ ಬಜೆಟ್‌ಗೆ ಮೊದಲು ನಿಮ್ಮ ಶಾಸಕರನ್ನೂ ಸಂಸದರನ್ನೂ ಕೇಳಿ: ಅಂಗನವಾಡಿ ಟೀಚರಿಗೆ ಪ್ರಾಥಮಿಕ ಶಾಲೆಯ ಮೇಷ್ಟರ ಸಂಬಳ ಯಾವಾಗ? ಬೇರೆ ಕೆಲಸಗಳ ಹೊರೆಯಿಲ್ಲದೆ ಪಾಠಕ್ಕೆಂದೇ ಒಬ್ಬರು ಯಾವಾಗ? ಊರಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ನಿಮ್ಮ ಮಕ್ಕಳು ಬೇರೆ ಶಾಲೆಗೆ ಹೋಗುತ್ತಿದ್ದರೂ ಕೇಳಿ, ಯಾಕೆಂದರೆ ಅಂಗನವಾಡಿಗೆ ಬರುವ ಮಕ್ಕಳ ಅಪ್ಪ ಅಮ್ಮ ಆ ಹೊತ್ತಿಗೆ ಕೂಲಿಗೆ ಹೋಗಿರುತ್ತಾರೆ.