ಗ್ರಾಹಕನ ಮೇಜಿನ ಮೇಲಿದ್ದ ಫ್ಲಾಪಿ

ಹೊಸ ಸರಕೆಂದರೆ ಅದರ ಪ್ರತಿಯೊಂದು ಅಂಗವೂ ಹೊಸದಾಗಿರಬೇಕೆಂಬ ಭ್ರಮೆ ನಮ್ಮ ಸಣ್ಣ ಉತ್ಪಾದಕರಲ್ಲಿ ಇನ್ನೂ ಅಳಿದಿಲ್ಲ. ಜಪಾನಿನ ಸೋನಿ ಸಂಸ್ಥೆಯು 1997ರಲ್ಲಿ ಮಾರುಕಟ್ಟೆಗೆ ತಂದ ಡಿಜಿಟಲ್ ಮಾವಿಕಾ ಕ್ಯಾಮೆರಾವನ್ನು ಅವರು ಅವಶ್ಯ ಗಮನಿಸಬೇಕು.

ಅಂದಿನ ಹಲವು ಡಿಜಿಟಲ್ ಕ್ಯಾಮೆರಾಗಳಿಂದ ಚಿತ್ರಗಳನ್ನು ಗಣಕಯಂತ್ರಕ್ಕೆ ಇಳಿಸಲು ಪ್ರತ್ಯೇಕ ಕೇಬಲ್, ತಂತ್ರಾಂಶ, ಜೊತೆಗೆ ಸಾಕಷ್ಟು ತಾಳ್ಮೆಯೂ ಬೇಕಿತ್ತು. ಮಾವಿಕಾದ ಎಫ್‌ಡಿ5 ಮತ್ತು ಎಫ್‌ಡಿ7 ಮಾದರಿಗಳಾದರೋ ಚಿತ್ರವನ್ನು 3.5 ಅಂಗುಲದ ಸಾಮಾನ್ಯ ಫ್ಲಾಪಿಯ ಮೇಲೆಯೇ ಜೆಪೆಗ್ ಕಡತವಾಗಿ ದಾಖಲಿಸುತ್ತಿದ್ದವು. ಫ್ಲಾಪಿಯನ್ನು ಹೊರತೆಗೆದು ಗಣಕಯಂತ್ರಕ್ಕೆ ಹಾಕಿದರೆ ಕೆಲಸ ಮುಗಿಯಿತು. ಫ್ಲಾಪಿ ಡ್ರೈವ್ ಇಲ್ಲದ ಗಣಕಯಂತ್ರವೇ ಆಗ ವಿರಳ.

ಈ ಸೌಲಭ್ಯಕ್ಕೆ ತೆತ್ತ ಬೆಲೆ ಅಲ್ಪವಲ್ಲ. ಡ್ರೈವನ್ನು ಒಳಗೊಳ್ಳಬೇಕಾದ್ದರಿಂದ ಕ್ಯಾಮೆರಾ ಇಟ್ಟಿಗೆಯಂತಾಯಿತು. ಚಿತ್ರದ ಗಾತ್ರ 640×480 ಪಿಕ್ಸೆಲ್‌ಗಳಷ್ಟೇ. ಕಲಾತ್ಮಕ ಛಾಯಾಗ್ರಹಣಕ್ಕೆ ಇದು ಸಾಲದು, ನಿಜ. ಆದರೆ ಮನೆ ಮಾರಿಸುವ ದಲ್ಲಾಳಿಗೆ, ವಿಮಾ ಸಮೀಕ್ಷಕನಿಗೆ, ಶಾಲೆಗೆ ಅಷ್ಟೇ ಸಾಕಾಗಿತ್ತು. ಅಮೆರಿಕದಲ್ಲಿ ಮಾವಿಕಾ ಬಹಳ ಚೆನ್ನಾಗಿ ಮಾರಾಟವಾಯಿತು.

ಗ್ರಾಹಕನಲ್ಲಿರುವುದನ್ನೇ ನೆಚ್ಚುವುದರಲ್ಲಿ ಒಂದು ಅಪಾಯವೂ ಉಂಟು. ಚಿತ್ರದ ಗಾತ್ರ ಹಿಗ್ಗಿದಂತೆ 1.44 ಮೆಗಾಬೈಟಿನ ಫ್ಲಾಪಿ ಹಿಗ್ಗಲಿಲ್ಲ. 2000ದಲ್ಲಿ ಸೋನಿಯೇ ಮಾವಿಕಾದ ಹೊಸ ಮಾದರಿಯೊಂದಕ್ಕೆ 8 ಸೆಂಟಿಮೀಟರ್ ವ್ಯಾಸದ ಸಿ.ಡಿ.ಯನ್ನು ಅಳವಡಿಸಿತು.