ಉಮ್ಮನ ಹೊಸ ಮೊಣಕಾಲು



ಉಮ್ಮನ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಆರು ವಾರ ಕಳೆದಿತ್ತು. ಎಕ್ಸ್‌ರೇ ನೋಡಿದ ಡಾಕ್ಟರು, "ಕೀಲು ಚೆನ್ನಾಗಿ ಕೂತಿದೆ" ಎಂದು ಸಂತೋಷಪಟ್ಟರು. ಆದರೆ ಅಜೆಕಾರಿನ ಮನೆಗೆ ಮರಳಿದ ಉಮ್ಮ ಮಡಚಿಟ್ಟ ಮುಸಲ್ಲಾವನ್ನು ನೋಡಿ ಕಣ್ಣೀರು ಹಾಕಿದರು. "ಇಷ್ಟು ದುಡ್ಡು ಸುರಿದ ಮೇಲೂ ನೆಲಕ್ಕೆ ಹಣೆ ಮುಟ್ಟಿಸಲು ಆಗುವುದಿಲ್ಲವಲ್ಲ ಮಗಾ?" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಖರ್ಚೆಷ್ಟು, ಆಸ್ಪತ್ರೆಯಲ್ಲಿ ಎಷ್ಟು ದಿನ, ಜೊತೆಗೆ ನಿಲ್ಲುವವರು ಯಾರು ಎಂದೆಲ್ಲ ನಾವು ಮೊದಲೇ ವಿಚಾರಿಸಿದ್ದೆವು. ನಂತರ ಉಮ್ಮನಿಗೆ ಏನೇನು ಮಾಡಲು ಸಾಧ್ಯ, ಏನು ಸಾಧ್ಯವಿಲ್ಲ ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಈ ತಪ್ಪು ಡಾಕ್ಟರರದ್ದಲ್ಲ, ನಮ್ಮದು.

ನಮ್ಮ ಕಡೆಯ ಹೆಂಗಸರ ಬದುಕು ನೆಲದ ಮೇಲೆಯೇ ಸಾಗುತ್ತದೆ. ಕಾಲು ಮಡಚಿ ಬೀಡಿ ಕಟ್ಟುವುದು, ಮೆಟ್ಟುಕತ್ತಿಯ ಮುಂದೆ ಕುಳಿತು ಮೀನು ಕತ್ತರಿಸುವುದು, ಐದು ಹೊತ್ತಿನ ನಮಾಝ್. ಶಸ್ತ್ರಚಿಕಿತ್ಸೆಯಲ್ಲಿ ಸವೆದ ಮೂಳೆಯ ತುದಿಗಳನ್ನು ಕತ್ತರಿಸಿ ಲೋಹದ ಹೊದಿಕೆ ಕೂರಿಸಿ, ನಡುವೆ ಪ್ಲಾಸ್ಟಿಕ್ ತುಣುಕು ಇಡುತ್ತಾರೆ. ಇದರ ಮೊದಲ ಉದ್ದೇಶ ನೋವು ನಿವಾರಿಸಿ ನಡೆಯುವಂತೆ ಮಾಡುವುದು. ಹೊಸ ಕೀಲು ಸಾಮಾನ್ಯವಾಗಿ 110ರಿಂದ 120 ಡಿಗ್ರಿಯಷ್ಟು ಬಾಗುತ್ತದೆ. ಕುರ್ಚಿಯಿಂದ ಏಳಲು, ಮೆಟ್ಟಿಲು ಹತ್ತಲು ಅದು ಸಾಕು. ಹಿಮ್ಮಡಿಯ ಮೇಲೆ ಕೂರಲು ಸಾಲದು.

ಮೊಣಕಾಲು ಬದಲಿಸಿಕೊಂಡ ಐವರಲ್ಲಿ ಸುಮಾರು ಒಬ್ಬರು ಪೂರ್ಣ ತೃಪ್ತರಲ್ಲ ಎಂದು ವಿದೇಶಗಳ ಅಧ್ಯಯನಗಳು ಹೇಳುತ್ತವೆ. ಸೊಂಟದ ಕೀಲು ಬದಲಿಸಿಕೊಂಡವರಲ್ಲಿ ಅತೃಪ್ತಿ ಇದಕ್ಕಿಂತ ಕಡಿಮೆ. ಅತೃಪ್ತಿಗೆ ಒಂದು ಮುಖ್ಯ ಕಾರಣ, ನಿರೀಕ್ಷಿಸಿದ್ದು ಈಡೇರದಿರುವುದು.

2017ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರವು ಕೃತಕ ಮೊಣಕಾಲಿನ ಬೆಲೆಗೆ ಮಿತಿ ಹಾಕಿತು. ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ ನಿಗದಿಯಾದದ್ದು 54,720 ರೂಪಾಯಿ, ತೆರಿಗೆ ಬೇರೆ. ಮಣಿಪಾಲದ ಕಸ್ತೂರ್ಬಾದಂತಹ ದೊಡ್ಡ ಆಸ್ಪತ್ರೆಯೂ ನಮಗೆ ದೂರವಿಲ್ಲ. ಹೀಗಿರುವಾಗ ನೋವು ನುಂಗಿಕೊಂಡೇ ಇರಿ ಎಂದು ನಾನು ಹೇಳಲಾರೆ. ಕೇಳಿ ತಿಳಿದುಕೊಂಡು ಹೋಗಿ ಎನ್ನುತ್ತೇನೆ.

ಮನೆಯವರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಸಾಮಾನ್ಯವಾಗಿ ಮರುದಿನವೇ ವಾಕರ್ ಹಿಡಿಸಿ ನಡೆಸುತ್ತಾರೆ. ಊತ ಕೆಲವು ತಿಂಗಳು ಉಳಿಯಬಹುದು. ಗಾಯದ ಪಕ್ಕದ ಚರ್ಮ ಜೋಮು ಹಿಡಿದಂತಿರಬಹುದು. ಪೂರ್ತಿ ಚೇತರಿಕೆಗೆ ಒಂದು ವರ್ಷವೂ ಹಿಡಿಯುತ್ತದೆ. ಮೊದಲ ವಾರಗಳ ವ್ಯಾಯಾಮ ತಪ್ಪಿಸಿದರೆ ಕೀಲು ಬಿಗಿದುಕೊಳ್ಳುತ್ತದೆ. "ಪಾಪ, ನೋವಾಗುತ್ತದೆ, ಮಲಗಿರಲಿ" ಎಂಬ ಕನಿಕರ ಇಲ್ಲಿ ಉಪಕಾರವಲ್ಲ. ಆದರೆ ಜ್ವರ, ಗಾಯದಿಂದ ಕೀವು, ಮೀನಖಂಡದಲ್ಲಿ ಊತದೊಂದಿಗೆ ನೋವು, ಉಸಿರುಕಟ್ಟುವಿಕೆ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇನ್ನು ಉಮ್ಮನ ಕಣ್ಣೀರಿನ ವಿಷಯ. ರೋಗಪೀಡಿತರಾಗಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ ಪ್ರವಾದಿ(ಸ)ರು ಕಲಿಸಿದ್ದು, ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ನಮಾಝ್ ಮಾಡಬಹುದೆಂದು. ನಿಲ್ಲಬಲ್ಲವರು ನಿಂತೇ ಆರಂಭಿಸಿ, ಸುಜೂದಿನ ಹೊತ್ತಿಗೆ ಕುರ್ಚಿಯಲ್ಲಿ ಕುಳಿತು ರುಕೂಅಗಿಂತ ತುಸು ಹೆಚ್ಚು ಬಾಗಿದರಾಯಿತು. ಇದನ್ನು ಮಕ್ಕಳಿಗೆ ಕಲಿಸುವ ನಾನೇ ಉಮ್ಮನಿಗೆ ಶಸ್ತ್ರಚಿಕಿತ್ಸೆಗೆ ಮೊದಲು ಹೇಳಿರಲಿಲ್ಲ. ಹೇಳಿದ್ದರೆ ಅವರು ಮನಸ್ಸನ್ನು ಸಿದ್ಧಪಡಿಸಿಕೊಳ್ಳುತ್ತಿದ್ದರು.

ಈಗ ನಮ್ಮ ಅಡುಗೆಮನೆಯಲ್ಲಿ ಮೆಟ್ಟುಕತ್ತಿಯ ಬದಲು ಮೇಜು, ಚೂರಿ ಬಂದಿವೆ. ಮುಸಲ್ಲಾದ ಹಿಂದೆ ಅಲುಗಾಡದ ಒಂದು ಕುರ್ಚಿ ಇದೆ. ರಾತ್ರಿ ನೋವಿಗೆ ಎಚ್ಚರವಾಗುತ್ತಿದ್ದ ಉಮ್ಮ ಅಲ್‌ಹಮ್ದುಲಿಲ್ಲಾಹ್, ಸುಬ್‌ಹಿಯವರೆಗೆ ನಿದ್ರಿಸುತ್ತಾರೆ. ಕೆಂಪುಕಲ್ಲಿನ ಮೆಟ್ಟಿಲು ಇಳಿದು ನೆರೆಮನೆಗೂ ಹೋಗಿ ಬರುತ್ತಾರೆ.

ನಿಮ್ಮ ಮನೆಯ ಹಿರಿಯರನ್ನು ಶಸ್ತ್ರಚಿಕಿತ್ಸೆಗೆ ಕರೆದೊಯ್ಯುವ ಮುನ್ನ ಅವರ ಬಳಿ ಕುಳಿತು, ಗುಣವಾದ ಮೇಲೆ ಏನು ಮಾಡಬೇಕೆಂದಿದ್ದೀರಿ ಎಂದು ಕೇಳಿ. ಹೇಳಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಡಾಕ್ಟರರ ಮುಂದಿಡಿ.