ಕೆಳದಂಡೆಯವನೂ ನೆರೆಯವನೇ

ಊರ ಕೊಳೆ ಊರಾಚೆ ಹೋದರೆ ಊರು ಶುಚಿಯಾಯಿತೆಂಬ ಭ್ರಮೆಯಲ್ಲಿ ನಮ್ಮ ಪಟ್ಟಣಗಳು ಬದುಕುತ್ತಿವೆ. ಆದರೆ ಆ ‘ಊರಾಚೆ’ ಎಂಬುದು ಯಾರ ಊರು? ಕಪಿಲೆಯ ದಂಡೆಯಲ್ಲಿ ನಂಜನಗೂಡಿನ ಆಚೆಗಿರುವುದು ಸುತ್ತೂರು. ಅದರಾಚೆ ತಿರುಮಕೂಡಲು ನರಸೀಪುರ. ಅಲ್ಲಿ ಕಪಿಲೆ ಕಾವೇರಿಯನ್ನು ಸೇರುತ್ತಾಳೆ. ಆ ಕಾವೇರಿಯ ನೀರೇ ಮುಂದೆ ತೊರೆಕಾಡನಹಳ್ಳಿಯ ಪಂಪುಗಳ ಮೂಲಕ ಬೆಂಗಳೂರಿನ ನಲ್ಲಿಗಳನ್ನು ತಲುಪುತ್ತದೆ. ಒಬ್ಬರ ಬಚ್ಚಲಿಗೂ ಇನ್ನೊಬ್ಬರ ಬಿಂದಿಗೆಗೂ ಇರುವ ಅಂತರ ಇಷ್ಟೇ!

2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 351 ನದೀಪಾತ್ರಗಳು ಮಲಿನಗೊಂಡಿವೆಯೆಂದು ಗುರುತಿಸಿತು. ಅವುಗಳಲ್ಲಿ ಕರ್ನಾಟಕದವು 17. ನಂಜನಗೂಡಿನಿಂದ ಹೆಜ್ಜಿಗೆವರೆಗಿನ ಕಪಿಲೆ ಆ ಹದಿನೇಳರಲ್ಲೊಂದು. ನೀರಿನೊಳಗಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕವು ಲೀಟರಿಗೆ 3 ಮಿಲಿಗ್ರಾಂ ಮೀರಿದರೆ ಆ ನೀರು ಸ್ನಾನಕ್ಕೂ ಯೋಗ್ಯವಲ್ಲ ಎಂಬುದು ಮಾನದಂಡ. ಟಿಪ್ಪು ಸುಲ್ತಾನರ ಆನೆಯ ಕಣ್ಣು ವಾಸಿಯಾದ ಐತಿಹ್ಯದಿಂದ ‘ಹಕೀಂ ನಂಜುಂಡ’ ಎಂಬ ಹೆಸರು ಉಳಿಸಿಕೊಂಡ ಊರಿನ ನದಿಗೇ ಇಂದು ಹಕೀಮರು ಬೇಕಾಗಿದ್ದಾರೆ!

ಕಾನೂನಿಲ್ಲವೆಂದು ಯಾರೂ ಹೇಳುವಂತಿಲ್ಲ. ನದಿಗೆ ಮಾಲಿನ್ಯ ಬಿಡುವುದನ್ನು 1974ರ ಜಲ ಕಾಯ್ದೆಯೇ ನಿಷೇಧಿಸಿದೆ. 2017ರ ಫೆಬ್ರವರಿಯಲ್ಲಿ ಸುಪ್ರೀಮ್ ಕೋರ್ಟು ಸ್ಥಳೀಯ ಸಂಸ್ಥೆಗಳು ಮೂರು ವರ್ಷಗಳೊಳಗೆ ಒಳಚರಂಡಿ ನೀರಿನ ಸಂಸ್ಕರಣಾ ಘಟಕಗಳನ್ನು ಸ್ಥಾಪಿಸಬೇಕೆಂದು ಆದೇಶಿಸಿತು. ಆ ಗಡುವು ಮುಗಿದ ಮೇಲೆ, 2021ರಲ್ಲಿ ಪ್ರಕಟವಾದ ಕೇಂದ್ರ ಮಂಡಳಿಯ ವರದಿ ಏನೆಂದಿತು? ದೇಶದ ನಗರಗಳು ದಿನಕ್ಕೆ ಹೊರಬಿಡುವ ಕೊಳಚೆ ನೀರು 72 ಸಾವಿರ ದಶಲಕ್ಷ ಲೀಟರಿಗೂ ಹೆಚ್ಚು. ವಾಸ್ತವದಲ್ಲಿ ಸಂಸ್ಕರಣೆಗೊಳ್ಳುವುದು ಸುಮಾರು 20 ಸಾವಿರ ದಶಲಕ್ಷ ಲೀಟರು. ಸ್ಥಾಪಿತ ಘಟಕಗಳ ಸಾಮರ್ಥ್ಯವಾದರೋ 31 ಸಾವಿರವನ್ನು ದಾಟಿದೆ. ಅಂದರೆ ಕಟ್ಟಿದ ಘಟಕಗಳೂ ಪೂರ್ತಿಯಾಗಿ ದುಡಿಯುತ್ತಿಲ್ಲ.

ಉದ್ಘಾಟನೆಯ ಫಲಕವು ನೀರನ್ನು ಶುದ್ಧೀಕರಿಸುವುದಿಲ್ಲ. ಕಸವನ್ನು ಜಾಲರಿಯಲ್ಲಿ ತಡೆದು, ಕೆಸರನ್ನು ತಂಗಿಸಿ, ಗಾಳಿಯೂದಿ ಸೂಕ್ಷ್ಮಜೀವಿಗಳಿಂದ ಕೊಳೆಯನ್ನು ತಿನ್ನಿಸುವ ಕೆಲಸ ಹಗಲಿರುಳೂ ನಡೆಯಬೇಕು. ವಿದ್ಯುತ್ತು ನಿಂತರೆ, ನಿರ್ವಾಹಕನಿಲ್ಲದಿದ್ದರೆ ಘಟಕವು ಬರಿಯ ಹೊಂಡ. ಕರಾವಳಿಯನ್ನೇ ನೋಡಿ. ಏಷ್ಯನ್ ಅಭಿವೃದ್ಧಿ ಬ್ಯಾಂಕು 1999ರಲ್ಲಿ ಸಾಲ ಮಂಜೂರು ಮಾಡಿದ ಯೋಜನೆಯ ಹತ್ತು ಪಟ್ಟಣಗಳಲ್ಲಿ ಭಟ್ಕಳವೂ ಒಂದು. ಅದೇ ಭಟ್ಕಳದಲ್ಲಿ ಒಳಚರಂಡಿಯ ಸೋರಿಕೆ ಶರಾಬಿ ಹೊಳೆಯನ್ನೂ ಗೌಸಿಯಾ ಬೀದಿ ಪರಿಸರದ ಬಾವಿಗಳನ್ನೂ ಕೆಡಿಸಿತು. ಹಣ ಬಂದರೆ ಸಾಲದು, ಹೊಣೆ ಹೊರುವವರೂ ಬೇಕೆಂಬುದಕ್ಕೆ ಇನ್ನೇನು ಪುರಾವೆ ಬೇಕು?

ಸಣ್ಣ ಊರಿಗೆ ಇದು ಅಸಾಧ್ಯವೆಂಬ ನೆಪವೂ ನಿಲ್ಲದು. ದೇವನಹಳ್ಳಿಯಂತಹ ಪುರಸಭೆಯಲ್ಲಿ 2015ರಲ್ಲೇ ಶೌಚಗುಂಡಿಯ ಮಲವನ್ನು ಸಂಸ್ಕರಿಸಿ ಗೊಬ್ಬರವಾಗಿಸುವ ಘಟಕ ಆರಂಭವಾಯಿತು. ತಗಡೂರಿನಂತಹ ಗ್ರಾಮಗಳಿಗಂತೂ ದೊಡ್ಡ ಯಂತ್ರವೇ ಬೇಡ. ಮನೆಗೊಂದು ಇಂಗುಗುಂಡಿ, ಚರಂಡಿಯ ಕೊನೆಗೊಂದು ಶೋಧಕ ಕೊಳ ಸಾಕು. ಜಲಜೀವನ್ ಯೋಜನೆಯಡಿ ಮನೆಮನೆಗೆ ನಲ್ಲಿ ಬರುತ್ತಿರುವಾಗ, ಬಳಸಿದ ನೀರು ಎಲ್ಲಿಗೆ ಹೋಗಬೇಕೆಂದು ಗ್ರಾಮಸಭೆ ಕೇಳಬಾರದೇ?

ನಾವು ನಮ್ಮ ಸಮುದಾಯವನ್ನೂ ಕೇಳುತ್ತೇವೆ. ಬಣ್ಣ, ರುಚಿ, ವಾಸನೆ ಕೆಟ್ಟರೆ ಹರಿಯುವ ನೀರೂ ವುಝೂಗೆ ಸಲ್ಲದೆಂಬುದು ಮದ್ರಸಾದ ಮೊದಲ ಪಾಠಗಳಲ್ಲೊಂದು. ನೆರೆಯವನ ಹಕ್ಕಿನ ಕುರಿತು ನಾವು ಕೇಳದ ಪ್ರವಚನವಿಲ್ಲ. ಹಾಗಿದ್ದರೂ ಮಾಂಸದಂಗಡಿಯ ತ್ಯಾಜ್ಯ ಮೋರಿಗೆ ಬೀಳುವಾಗ, ಶಾದಿ ಮಹಲಿನ ಎಂಜಲು ನೀರು ರಾಜಕಾಲುವೆ ಸೇರುವಾಗ ಜಮಾಅತಿನ ಮುಖಂಡರು ಮೌನವೇಕೆ? ನದಿಯ ಕೆಳದಂಡೆಯಲ್ಲಿರುವವನು ನೆರೆಯವನಲ್ಲವೇ? ಅವನು ಯಾವ ಧರ್ಮದವನೆಂದು ಕೊಳಕು ನೀರು ಕೇಳುವುದಿಲ್ಲ.

ಆದ್ದರಿಂದ ಬೇಡಿಕೆ ಸ್ಪಷ್ಟವಾಗಿರಲಿ. ಘಟಕಕ್ಕೆ ಬಂದ ನೀರೆಷ್ಟು, ಶುದ್ಧವಾಗಿ ಹೊರಬಿದ್ದುದೆಷ್ಟು ಎಂಬ ಲೆಕ್ಕವನ್ನು ನಗರಸಭೆ, ಪುರಸಭೆಗಳು ಪ್ರತಿ ತಿಂಗಳೂ ತಮ್ಮ ಬಾಗಿಲಲ್ಲೇ ಪ್ರಕಟಿಸಲಿ. ಶೌಚಗುಂಡಿ ಬಳಿಯುವ ಟ್ಯಾಂಕರು ಎಲ್ಲಿ ಬರಿದಾಗುತ್ತದೆಂಬುದನ್ನೂ ತಿಳಿಸಲಿ. ಮತ ಕೇಳಲು ಬರುವವರ ಮುಂದೆ ನಾವು ರಸ್ತೆ, ದೀಪಗಳ ಪಟ್ಟಿಯನ್ನಿಡುತ್ತೇವೆ. ಮುಂದಿನ ಸಲ ಆ ಪಟ್ಟಿಯ ಮೊದಲ ಸಾಲಿನಲ್ಲಿ ಚರಂಡಿಯ ಕೊನೆಯ ಲೆಕ್ಕವಿರಲಿ.